ಬುಗುರಿ ಅಕ್ಕನ ಒಂದು ಸುತ್ತು

ಗುಂಡನೆಯ ಕೋಣೆಯ ಎತ್ತರದ ಕಿಟಕಿಗೆ ಬೆಳಗಿನ ಬಿಸಿಲು ಇನ್ನೂ ತಾಕಿಲ್ಲ. ಕಬ್ಬಿಣದ ಉದ್ದ ತೋಳಿನ ಬುಡದಲ್ಲಿ ಮಂಡಿಯೂರಿದ ಮಹಿಳೆ ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದಾರೆ. ಎದ್ದು ಅಂಗೈಯಿಂದ ತಳ್ಳುತ್ತಾರೆ. ತೋಳಿನ ತುದಿಯ, ಒಬ್ಬರು ಕೂರುವಷ್ಟು ಗೂಡು ಸದ್ದಿಲ್ಲದೆ ಸುತ್ತು ಹೊರಡುತ್ತದೆ. ಇಲ್ಲಿ ಎಲ್ಲರಿಗೂ ಅವರು ಬುಗುರಿ ಅಕ್ಕ.

ವಿಮಾನ ಸರ್ರನೆ ತಿರುಗಿದಾಗ ಚಾಲಕರ ರಕ್ತ ಕಾಲಿನತ್ತ ಇಳಿದು ಕಣ್ಣು ಕತ್ತಲಿಡುತ್ತದೆ. ದೇಹ ಅದನ್ನು ಎಷ್ಟು ತಾಳೀತೆಂದು ವೈದ್ಯರು ಅಳೆಯುತ್ತಿದ್ದುದು, ಗೂಡಿನಲ್ಲಿ ಕೂರಿಸಿ ರಭಸವಾಗಿ ತಿರುಗಿಸುವ ಈ ಯಂತ್ರದಲ್ಲಿ. ಸಂಶೋಧನೆ ಹೊಸ ಕಟ್ಟಡಕ್ಕೆ ಹೋಯಿತು. ಗ್ರೀಸ್ ಹಚ್ಚುವ ಅಕ್ಕ ಇಲ್ಲೇ ಉಳಿದರು.

"ಇಳಿದೋರಿಗೆಲ್ಲ ತಲೆ ತಿರುಗ್ತಿತ್ತು. ಆದ್ರೂ ನನ್ನ ಗ್ರೀಸ್ ಕೈ ಕುಲುಕಿಯೇ ಹೋಗ್ತಿದ್ರು. ಸೊಕ್ಕಿಂದ ತಲೆ ತಿರುಗಿದೋರು ಅಂತ ಮಾತ್ರ ಒಬ್ಬರೂ ಇರ್ಲಿಲ್ಲ!"

ಈಗ ಮೋಟಾರ್ ಕಳಚಿದೆ. ಭಾನುವಾರದಿಂದ ಜನ ನೋಡಲು ಬರುತ್ತಾರೆ. ಅವರನ್ನು ಕೂರಿಸಿ, ಕೈಯಿಂದಲೇ ಮೆಲ್ಲಗೆ ಒಂದು ಸುತ್ತು ತಳ್ಳಬೇಕೆಂಬುದು ಅಕ್ಕನ ಆಸೆ. ಆದರೆ ನಿನ್ನೆ ತೋಳು ನಿಲ್ಲಿಸಿದಲ್ಲಿ ನಿಲ್ಲದೆ ಬಾಗಿಲಿನತ್ತ ಜಾರಿತು. ಇಂದೂ ಜಾರಿದರೆ ಬೋಲ್ಟ್ ಹಾಕಿ ಬಿಗಿಯುವುದಾಗಿ ಸುರಕ್ಷತಾ ಅಧಿಕಾರಿ ಹೇಳಿದ್ದಾರೆ.

"ಬಿಗಿದ್ರೆ ಅದು ಯಂತ್ರ ಅಲ್ಲ, ಕಂಬ," ಎನ್ನುತ್ತಾರೆ ಅಕ್ಕ.

ಎಡವಟ್ಟು ಮನೆಯದೇ. ಟೈಲರ್ ಗಂಡ ಪ್ರೀತಿಯಿಂದ ಹತ್ತಿಯ ಮೆತ್ತೆ ಹೊಲಿದುಕೊಟ್ಟರು. ಅಕ್ಕ ಭಾರದ ಕಬ್ಬಿಣದ ಆಸನ ತೆಗೆದು ಅದನ್ನು ಹಾಕಿದರು; ತೂಕ ಸರಿದೂಗಿಸಲು ಇನ್ನೊಂದು ತುದಿಯಲ್ಲಿಟ್ಟಿದ್ದ ಕಬ್ಬಿಣದ ಬಿಲ್ಲೆಗಳನ್ನು ಇಳಿಸುವುದು ಮರೆತರು. ಆ ತುದಿಯ ಭಾರ ಹೆಚ್ಚಾಗಿ ತೋಳು ಜಾರಿದ್ದೆಂದು ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಇಂದು ಗಂಡನನ್ನೂ ಜೊತೆಗೆ ಕರೆತಂದಿದ್ದಾರೆ.

"ನಿಮ್ಮ ಮೆತ್ತೆಗೆ ಯಂತ್ರಾನೇ ಮುನಿಸ್ಕೊಂಡಿತ್ತು ನೋಡ್ರೀ."

"ಬಿಲ್ಲೆ ಮರೆತೋಳು ನೀನು, ಮಾತು ಮೆತ್ತೆಗಾ?"

"ಆಯ್ತು, ಹತ್ತಿ ಕೂತ್ಕೊಳ್ಳಿ."

ಗಂಡನ ತೂಕಕ್ಕೆ ತಕ್ಕಷ್ಟು ಬಿಲ್ಲೆ ಜೋಡಿಸಿ ಅಕ್ಕ ತಳ್ಳುತ್ತಾರೆ. ಬಾಗಿಲಲ್ಲಿ ಅಧಿಕಾರಿ ಕೈಕಟ್ಟಿ ನಿಂತಿದ್ದಾರೆ.

"ಭಯ ಆಗ್ತಿಲ್ವಾ?" ಎಂದು ಅವರು ಕೇಳಿದ್ದಕ್ಕೆ ಗೂಡಿನೊಳಗಿಂದ ಉತ್ತರ: "ಮದುವೆ ಆದಾಗಿಂದ ಇವಳೇ ಸ್ವಾಮಿ ನನ್ನ ತಿರುಗಿಸ್ತಿರೋದು!"

ಅಕ್ಕ ತೋಳು ಹಿಡಿದು ನಿಲ್ಲಿಸಿ ಕೈ ಬಿಡುತ್ತಾರೆ. ತೋಳು ಅಲುಗುವುದಿಲ್ಲ. ಅಧಿಕಾರಿ ತಾವೂ ತಳ್ಳಿ, ನಿಲ್ಲಿಸಿ ನೋಡುತ್ತಾರೆ. ತಂದಿದ್ದ ಬೋಲ್ಟುಗಳನ್ನು ಜೇಬಿಗಿಳಿಸಿ, "ಜನ ಕೂರಲಿ ಅಕ್ಕ," ಎನ್ನುತ್ತಾರೆ.

ಅಕ್ಕ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಇದರಲ್ಲಿ ಕೂತಿಲ್ಲ. ಭಾನುವಾರ ಜನ ಹೋದ ಮೇಲೆ ಕೂರುತ್ತಾರಂತೆ. ತಳ್ಳುವ ಕೆಲಸ ಗಂಡನದು.

"ಒಂದೇ ಸುತ್ತು ಸಾಕು," ಎಂದು ಪತ್ರಿಕೆಗೆ ಬರೆಯಲು ಬಂದ ನನ್ನತ್ತ ತಿರುಗಿ ಕೈ ಒರೆಸಿಕೊಳ್ಳುತ್ತಾರೆ. "ಜಾಸ್ತಿ ಆದ್ರೆ ತಲೆ ತಿರುಗುತ್ತೆ. ಆಮೇಲೆ ನೀವು ಪೇಪರಲ್ಲಿ ಅದನ್ನೇ ಬರೀತೀರಿ."