ಮೂರು ಬಲ್ಬಿನ ಟೋಪಿ ಮತ್ತು ಅಪ್ಪನ ಕತ್ತು

ನಾನು ಬಯಸಿದ್ದು ಒಂದೇ, ನನ್ನ ಪಾಡಿಗೆ ನಾನು ಕೂತು ವಿಮಾನ ಇಳಿಸಬೇಕು ಅಂತ. ಅದೂ ಕಂಪ್ಯೂಟರಿನಲ್ಲಿ. ಇಷ್ಟಕ್ಕೇ ಮನೆಯಲ್ಲಿ ಇಷ್ಟೊಂದು ಅಡ್ಡಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಆಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದಿನ ಬೆಳಗಾದರೆ ಹೊಸ ಷೆಡ್ಡು ಏಳುತ್ತಿತ್ತು. ಅಂಥದೇ ಒಂದು ಷೆಡ್ಡಿನಲ್ಲಿ, ಎಲೆಕ್ಟ್ರಾನಿಕ್ಸ್ ಬೋರ್ಡುಗಳನ್ನು ಪರೀಕ್ಷೆ ಮಾಡಿ ಸರಿಪಡಿಸುವ ವಿಭಾಗದಲ್ಲಿ ನನಗೆ ಕೆಲಸ. ಕನಕಪುರದಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ನಿಂತುಕೊಂಡು ಬರುವುದು. ಕಂಪನಿಯವರು ಹಳೇ ಕಂಪ್ಯೂಟರುಗಳನ್ನು ವಿಲೇವಾರಿ ಮಾಡುವಾಗ ಒಂದನ್ನು ನಾನು ಮನೆಗೆ ತಂದೆ. ಅದರಲ್ಲಿ ವಿಮಾನ ಹಾರಿಸುವ ಆಟ ಹಾಕಿಕೊಂಡೆ. ನಿಜವಾದ ವಿಮಾನವನ್ನು ನಾನು ತಾರಸಿಯ ಮೇಲೆ ಬಟ್ಟೆ ಒಣಗಿಸುವಾಗ ತಲೆಯೆತ್ತಿ ನೋಡಿದ್ದು ಬಿಟ್ಟರೆ ಹತ್ತಿದವಳಲ್ಲ. ಆದರೂ ಅದೇಕೋ ಆ ಹುಚ್ಚು ಹಿಡಿಯಿತು.

ಹಾರಿಸುವುದು ಸುಲಭ. ಇಳಿಸುವುದೇ ಕಷ್ಟ. ಇಳಿಯುವ ಮುಂಚೆ ರನ್‌ವೇಯನ್ನು ಎಡಗಡೆ ಇಟ್ಟುಕೊಂಡು ಅದರ ಪಕ್ಕದಲ್ಲೇ ಹಾರಬೇಕು, ಅದು ಎಡಭುಜದ ಹಿಂದಕ್ಕೆ ಸರಿದಾಗ ತಿರುಗಿಕೊಳ್ಳಬೇಕು. ಪರದೆಯಲ್ಲಿ ಕಾಣುವುದು ಮಾತ್ರ ಮೂತಿಯ ಮುಂದಿನ ಆಕಾಶ. ಎಡಕ್ಕೆ ನೋಡಬೇಕಾದರೆ ವಿಮಾನ ನಡೆಸುವ ಹಿಡಿಕೋಲು, ಅಂದರೆ ಜಾಯ್‌ಸ್ಟಿಕ್ಕಿನ ತಲೆಯ ಮೇಲಿನ ಪುಟ್ಟ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಬೇಕು. ಒತ್ತುವ ಭರದಲ್ಲಿ ಕೈ ಅಲುಗಿ ವಿಮಾನ ವಾಲುತ್ತಿತ್ತು. ಸರಿ ಮಾಡುವಷ್ಟರಲ್ಲಿ ರನ್‌ವೇ ಎಲ್ಲೋ, ನಾನೆಲ್ಲೋ.

ನಾವು ತಲೆ ತಿರುಗಿಸಿದರೆ ಪರದೆಯ ನೋಟವೂ ತಿರುಗುವಂತೆ ಮಾಡಬಹುದು ಎಂದು ಬ್ರೌಸಿಂಗ್ ಸೆಂಟರಿನಲ್ಲಿ ಓದಿದೆ. ಟಿವಿ ರಿಮೋಟಿನ ಮೂತಿಯಲ್ಲಿರುತ್ತದಲ್ಲ, ಕಣ್ಣಿಗೆ ಕಾಣದ ಬೆಳಕು ಬೀರುವ ಪುಟ್ಟ ಬಲ್ಬು, ಅಂಥವು ಮೂರು ಬೇಕು. ಅವನ್ನು ಟೋಪಿಗೆ ಕಟ್ಟಿಕೊಂಡು ಕೂತರೆ ಎದುರಿಗಿರುವ ಕಂಪ್ಯೂಟರಿನ ಕ್ಯಾಮೆರಾ ಆ ಮೂರು ಚುಕ್ಕಿಗಳನ್ನು ನೋಡಿ ತಲೆ ಯಾವ ಕಡೆ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ. ಬೆಸುಗೆ ಹಾಕುವುದು ನನಗೆ ದಿನದ ಕೆಲಸವೇ. ಕ್ಯಾಮೆರಾಗೆ ಬೇರೆ ಬೆಳಕು ಕಾಣದಿರಲೆಂದು ಸ್ಟುಡಿಯೋದವರ ಹತ್ತಿರ ಕರ್ರಗಿನ ಫಿಲಂ ಚೂರು ಕೇಳಿ ತಂದು ಅದರ ಕಣ್ಣಿಗೆ ಅಂಟಿಸಿದೆ. ಟೋಪಿ ಹಾಕಿಕೊಂಡು ಒಂಚೂರು ಎಡಕ್ಕೆ ತಿರುಗಿದೆ. ವಿಮಾನದ ಎಡಗಿಟಕಿ ಕಂಡಿತು, ಅದರಾಚೆ ರೆಕ್ಕೆ, ರೆಕ್ಕೆಯ ಕೆಳಗೆ ಹೊಲ. ಮೈ ಜುಮ್ಮೆಂದಿತು.

ಆ ಸಂತೋಷ ಸಂಜೆಗೇ ಮುಗಿಯಿತು. ರನ್‌ವೇ ಎದುರಿಗೆ ಬರುತ್ತಿದ್ದಂತೆ ನೋಟ ಇದ್ದಕ್ಕಿದ್ದಂತೆ ಚಾವಣಿಗೆ ಹಾರಿತು, ಅಲ್ಲಿಂದ ನೆಲಕ್ಕೆ ಬಿತ್ತು. ವಿಮಾನ ಗದ್ದೆಗೆ ಇಳಿಯಿತು. ಮೂರು ಸಂಜೆ ಹೀಗೇ ಆಯಿತು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ವೈರು ಬದಲಾಯಿಸಿದೆ. ಕೊನೆಗೆ ತಿರುಗಿ ನೋಡುತ್ತೇನೆ, ನನ್ನ ಬೆನ್ನ ಹಿಂದಿನ ದೇವರ ಗೂಡಿನಲ್ಲಿ ಅವ್ವ ದೀಪ ಹಚ್ಚಿದ್ದಾಳೆ. ದೀಪದ ಕುಡಿಯಲ್ಲೂ ಆ ಕಾಣದ ಬೆಳಕು ಇರುತ್ತದೆ; ಕ್ಯಾಮೆರಾ ಅದನ್ನೂ ನನ್ನ ಟೋಪಿಯ ಬಲ್ಬೆಂದೇ ಎಣಿಸುತ್ತಿತ್ತು.

"ಅವ್ವ, ದೀಪ ಒಸಿ ಆಮೇಲೆ ಹಚ್ಚು."

"ದೀಪ ಹಚ್ಚೋ ಹೊತ್ತಲ್ಲಿ ಆಮೇಲೆ ಹಚ್ಚು ಅಂತೀಯಲ್ಲ, ನಿಂಗೇನು ಬಂದೈತೆ? ನಿನ್ನ ಇಮಾನನೇ ಆಮೇಲೆ ಇಳ್ಸು."

ನನ್ನ ಹಿಂದೆ ಹಗ್ಗ ಕಟ್ಟಿ ದುಪ್ಪಟಿ ಇಳಿಬಿಟ್ಟೆ. ಅವ್ವ ಹೂವಿಡಲು ಬಂದಾಗಲೆಲ್ಲ ಅದನ್ನು ಸರಿಸಿ ಹಾಗೇ ಬಿಟ್ಟು ಹೋಗುತ್ತಿದ್ದಳು. ನಾನು ಹಲ್ಲು ಕಡಿದುಕೊಂಡು ಎದ್ದು ಹೋಗಿ ಎಳೆಯುತ್ತಿದ್ದೆ.

ಇದನ್ನೆಲ್ಲ ಅಪ್ಪ ಮಂಚದ ಮೇಲೆ ಕೂತು ನೋಡುತ್ತಿದ್ದ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಮಾಗಡಿ ತಾಲ್ಲೂಕಿನ ಕಲ್ಯದಿಂದ ಬಂದು, ಕನಕಪುರದ ಕಡೆಯ ರೂಟುಗಳಲ್ಲೇ ಜೀವಮಾನ ಕಳೆದು ನಿವೃತ್ತನಾದವನು. ಸ್ಟೀರಿಂಗ್ ಬಿಟ್ಟ ಮೇಲೆ ಕತ್ತು ಹಿಡಿದುಕೊಂಡಿತ್ತು. ಡಾಕ್ಟರು ಕತ್ತು ಅಲುಗದಂತೆ ಸುತ್ತಿಕೊಳ್ಳಲು ಪಟ್ಟಿ ಕೊಟ್ಟರು. ನೋವು ಇಳಿದ ಮೇಲೆ ಅದನ್ನು ತೆಗೆದಿಟ್ಟು ದಿನಾ ಕತ್ತನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿಸಬೇಕೆಂದೂ ಹೇಳಿದ್ದರು. ಅಪ್ಪನಿಗೆ ಮೊದಲ ಮಾತು ಮಾತ್ರ ಕೇಳಿಸಿತ್ತು. ಪಟ್ಟಿ ಬಿಚ್ಚುತ್ತಲೇ ಇರಲಿಲ್ಲ. ಅವ್ವ ಕೂಗಿದರೆ ಇಡೀ ಮೈಯನ್ನೇ ಬೀರುವಿನಂತೆ ತಿರುಗಿಸುತ್ತಿದ್ದ. ವ್ಯಾಯಾಮ ಮಾಡಪ್ಪ ಎಂದು ನಾನು ಹೇಳಿ ಹೇಳಿ ಬೇಸತ್ತಿದ್ದೆ.

"ಕನ್ನಡಿ ಎಲ್ಲವ್ವ ಇದ್ರಲ್ಲಿ?" ಎಂದು ಮಂಚದಿಂದಲೇ ಕೇಳುತ್ತಿದ್ದ.

"ವಿಮಾನಕ್ಕೆ ಕನ್ನಡಿ ಇರಲ್ಲಪ್ಪ."

"ಮತ್ತೆ ಹಿಂದೆ ಬರೋನು ಹೆಂಗೆ ಕಾಣ್ತಾನೆ? ಕೆಟ್ಟ ಗಾಡಿ ಕಣವ್ವ ಇದು."

ಒಂದು ಭಾನುವಾರ ಮಧ್ಯಾಹ್ನ ಸಂತೆಯಿಂದ ಬಂದು ನೋಡಿದರೆ ಅಪ್ಪ ನನ್ನ ಕುರ್ಚಿಯಲ್ಲಿದ್ದಾನೆ. ತಲೆಯ ಮೇಲೆ ಮೂರು ಬಲ್ಬಿನ ಟೋಪಿ, ಕತ್ತಿನಲ್ಲಿ ಪಟ್ಟಿ. ಪಟ್ಟಿ ಇದ್ದುದರಿಂದ ತಲೆ ತಿರುಗುವಂತಿಲ್ಲ. ತಲೆ ತಿರುಗದೆ ನೋಟ ತಿರುಗುವಂತಿಲ್ಲ. ಅಪ್ಪ ಸಿಟ್ಟಿನಿಂದ ಪಟ್ಟಿಯನ್ನು ಬರಕ್ಕನೆ ಕಿತ್ತು ಮಂಚದ ಮೇಲೆ ಎಸೆದ. ನಾನು ತರಕಾರಿ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಈ ಟೋಪಿಯ ಗುಟ್ಟೇನೆಂದರೆ, ತಲೆಯನ್ನು ಒಂದಿಷ್ಟೇ ತಿರುಗಿಸಬೇಕು, ಕಣ್ಣು ಮಾತ್ರ ಪರದೆಯ ಮೇಲೇ ಇರಬೇಕು. ತಲೆ ಚೂರು ತಿರುಗಿದರೆ ವಿಮಾನದೊಳಗಿನ ನೋಟ ಪೂರ್ತಿ ತಿರುಗುತ್ತದೆ. ಅಪ್ಪ ಬಸ್ಸಿನ ಕನ್ನಡಿ ನೋಡುವವನಂತೆ ತಲೆಯನ್ನೂ ಕಣ್ಣನ್ನೂ ಒಟ್ಟಿಗೆ ಎಡಕ್ಕೆ ಎಸೆಯುತ್ತಿದ್ದ. ಆಗ ಅವನಿಗೆ ಕಾಣುತ್ತಿದ್ದುದು ಗೋಡೆಯ ಕ್ಯಾಲೆಂಡರು.

"ಎಲ್ಲೋಯ್ತು ಗಾಡಿ?"

"ಅಪ್ಪ, ತಲೆ ಆ ಕಡೆ, ಕಣ್ಣು ಈ ಕಡೆ."

"ತಲೆ ಅತ್ಲಾಗೆ, ಕಣ್ಣು ಇತ್ಲಾಗೆ! ಹಂಗೆ ಓಡ್ಸಿದ್ದಿದ್ರೆ ನಾನು ಪೆನ್ಸನ್ ತಗಳ್ತಿದ್ನಾ? ತಿರುಗ್ದಷ್ಟೇ ತಿರುಗ್ಬೇಕು ಕಣವ್ವ. ಸರಿಯಾಗಿ ಮಾಡ್ಕೊಡು."

ತಾನು ತಿರುಗಿದಷ್ಟೇ ನೋಟವೂ ತಿರುಗಬೇಕೆಂದು ಹಟ ಹಿಡಿದ. ಹಾಗೇ ಮಾಡಿಕೊಟ್ಟರೆ, ಕಿಟಕಿ ಕಾಣುವಷ್ಟು ತಿರುಗಿದಾಗ ಪರದೆಯೇ ಕಣ್ಣಿಗೆ ಸಿಗುವುದಿಲ್ಲ ಎಂದೆ. ಕೇಳಲಿಲ್ಲ. ಕಡೆಗೆ ರಾಜಿಯಾಗಿ ಒಂದು ನಡುವಿನ ಅಳತೆಗೆ ನಿಲ್ಲಿಸಿದೆ. ಅದರಲ್ಲಿ ಅಪ್ಪ ಕತ್ತನ್ನು ಸಾಕಷ್ಟು ತಿರುಗಿಸಿ, ಕಣ್ಣನ್ನು ಓರೆ ಮಾಡಿ, ಬೈದುಕೊಳ್ಳುತ್ತಾ ನೋಡಬೇಕಾಗುತ್ತಿತ್ತು. ಆ ಅಳತೆಯಲ್ಲಿ ನನಗೆ ಆಡಲು ಬರುತ್ತಿರಲಿಲ್ಲ. ನಾನು ಬದಲಾಯಿಸಿದರೆ ಮರುದಿನ ಅಪ್ಪ ರೇಗುತ್ತಿದ್ದ. ಅವನಿಗೊಂದು, ನನಗೊಂದು ಅಳತೆ ಉಳಿಸಿಟ್ಟೆ. ಅವನು ಎರಡನ್ನೂ ಕಲಸಿ ಇಡುತ್ತಿದ್ದ.

ಅದೂ ಹೋಗಲಿ, ಅಪ್ಪ ಹಾರುತ್ತಲೇ ಇರಲಿಲ್ಲ. ವಿಮಾನವನ್ನು ನೆಲದ ಮೇಲೆ ಓಡಿಸುತ್ತಿದ್ದ. ರನ್‌ವೇಗೆ ಹೋಗುವ ಅಡ್ಡದಾರಿಗಳಿರುತ್ತವಲ್ಲ, ಅವುಗಳಲ್ಲಿ ನಿಧಾನಕ್ಕೆ ಸುತ್ತುತ್ತಿದ್ದ. ಪ್ರತಿ ಕೂಡುರಸ್ತೆಯಲ್ಲೂ ನಿಲ್ಲಿಸಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿ ಮುಂದಕ್ಕೆ ಬಿಡುತ್ತಿದ್ದ. ಒಂದು ಪ್ರಾಣಿಯೂ ಅಡ್ಡ ಬರದ ರಸ್ತೆ ಅದು.

"ಮೇಲಕ್ಕೆ ಎತ್ತಪ್ಪ ಒಂದ್ಸಲ."

"ಯಾಕೆ? ರೋಡು ಚೆನ್ನಾಗೈತಲ್ಲ. ಒಂದು ಹಳ್ಳ ಇಲ್ಲ, ಹಂಪು ಇಲ್ಲ. ಇಂಥ ರೋಡು ನಮ್ಗೆ ಸರ್ವೀಸಲ್ಲಿ ಸಿಕ್ಕಿತ್ತಾ?"

ಅವ್ವ ಅಡುಗೆಮನೆಯಿಂದ, "ಬುಡವ್ವ, ಬಿದ್ದು ಗಿದ್ದಾರು" ಎನ್ನುತ್ತಿದ್ದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ನಾನು ಬಸ್ಸಿನಲ್ಲಿ ನಿಂತು ಸೊಂಟ ನೋಯಿಸಿಕೊಂಡು ಬರುವಷ್ಟರಲ್ಲಿ ಟೋಪಿಯ ಒಂದು ಬಲ್ಬು ಆರಿರುತ್ತಿತ್ತು. ಅಪ್ಪ ಏಳುವಾಗ ವೈರು ಹಿಡಿದು ಟೋಪಿ ಎಳೆಯುತ್ತಿದ್ದ. ಹಗಲೆಲ್ಲ ಕಾರ್ಖಾನೆಯಲ್ಲಿ ಬೆಸುಗೆ, ಮನೆಗೆ ಬಂದರೆ ಟೋಪಿಗೆ ಬೆಸುಗೆ. ಅದು ಸರಿಯಾಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಎಷ್ಟೋ ವಾರ ನಾನು ವಿಮಾನವನ್ನು ಮುಟ್ಟಲೇ ಇಲ್ಲ.

ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನ ಬಂತು. "ಎಲ್ಲಿ, ಕತ್ತು ತಿರುಗಿಸಿ ನೋಡೋಣ" ಎಂದರು ಡಾಕ್ಟರು. ಅಪ್ಪ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಮೈ ಅಲ್ಲಾಡಲಿಲ್ಲ, ಕತ್ತೇ ತಿರುಗಿತು.

"ಪರವಾಗಿಲ್ಲವೇ. ವ್ಯಾಯಾಮ ತಪ್ಪದೆ ಮಾಡ್ತಿದ್ದೀರಿ."

"ಇಲ್ಲ ಸ್ವಾಮಿ," ಎಂದ ಅಪ್ಪ, ಸತ್ಯಸಂಧನ ಹಾಗೆ. "ಅದ್ಕೆಲ್ಲ ಎಲ್ಲೈತೆ ಪುರುಸೊತ್ತು?"

ಡಾಕ್ಟರು ನನ್ನ ಮುಖ ನೋಡಿದರು. ವಿವರಿಸಲು ಹೋದರೆ ಟೋಪಿ, ಬಲ್ಬು, ದೇವರ ದೀಪ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅಪ್ಪನನ್ನು ಎಬ್ಬಿಸಿಕೊಂಡು ಹೊರಟೆ. ಬರುವಾಗ ಆಟೋದಲ್ಲಿ ಅಪ್ಪ ಹಿಂದಕ್ಕೆ ತಿರುಗಿ, ಯಾರೋ ಬೈಕಿನವನು ಹತ್ತಿರ ಬರುತ್ತಿದ್ದಾನೆಂದು ಬೈದ. ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಟೋಪಿಯ ವಿಷಯ ನೆನಪಾಗಿ ಮತ್ತೆ ಸಿಟ್ಟು ಬಂತು.

ಮುಂದಿನ ರಜೆಯ ದಿನ ಗಟ್ಟಿ ಮನಸ್ಸು ಮಾಡಿ ಅಪ್ಪನನ್ನು ಎಬ್ಬಿಸಿ ನಾನು ಕೂತೆ. ನನ್ನ ಅಳತೆ ಹಾಕಿಕೊಂಡೆ, ದುಪ್ಪಟಿ ಎಳೆದೆ. ಏರಿದೆ, ಸುತ್ತಿದೆ, ರನ್‌ವೇಯನ್ನು ಎಡಕ್ಕೆ ಇಟ್ಟುಕೊಂಡೆ. ತಲೆಯನ್ನು ಒಂಚೂರು ತಿರುಗಿಸಿದೆ. ಭುಜದ ಹಿಂದೆ ರನ್‌ವೇಯ ಬಿಳಿ ಗೆರೆಗಳು ಸರಿಯಾಗಿ ಬೇಕಾದ ಜಾಗದಲ್ಲಿದ್ದವು. ಕೈ ಅಲುಗಲಿಲ್ಲ. ತಿರುಗಿಸಿದೆ, ಇಳಿಸುತ್ತಾ ಬಂದೆ.

"ನಿಧಾನ, ನಿಧಾನ," ಎಂದ ಅಪ್ಪ ಕಿವಿಯ ಹತ್ತಿರ. "ಬ್ರೇಕ್ ಮೇಲೆ ಕಾಲಿಡು."

"ಕಾಲಿಡೋಕೆ ಇಲ್ಲಿ ಪೆಡಲೇ ಇಲ್ಲಪ್ಪ, ಸುಮ್ನಿರು!"

ಚಕ್ರ ನೆಲ ಮುಟ್ಟಿತು, ಒಮ್ಮೆ ಪುಟಿಯಿತು, ನಿಂತಿತು. ನಾನು ಉಸಿರು ಬಿಟ್ಟೆ. ಒಂದು ಶಭಾಷ್‌ಗಾಗಿ ಅಪ್ಪನ ಕಡೆ ತಿರುಗಿದೆ, ಪರದೆಯಲ್ಲಿ ವಿಮಾನವೂ ತನ್ನ ಬಲಗಿಟಕಿ ತೋರಿಸಿತು.

"ನಡುರೋಡಲ್ಲಿ ನಿಲ್ಸಿದ್ದೀಯಲ್ಲವ್ವ," ಎಂದ. "ಹಿಂದೆ ಬರೋರು ಏನ್ ಮಾಡ್ಬೇಕು? ಏಳು, ಏಳು. ಸೈಡಿಗೆ ನಾನ್ ಹಾಕ್ತೀನಿ."

ನನ್ನ ತಲೆಯಿಂದ ಟೋಪಿಯನ್ನು ತೆಗೆದುಕೊಂಡ, ಮತ್ತೆ ವೈರು ಹಿಡಿದೇ.