ಮಾವನ ದನಿಯಲ್ಲಿ ಕೂಗಿದ ಆಯೇರಿ

ನಮ್ಮ ಕಡೆ ಮದುವೆಗೆ ಬಂದ ಆಯೇರಿಯನ್ನು, ಅಂದರೆ ಉಡುಗೊರೆಯನ್ನು, ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಚಿತ್ತಾಪುರದಲ್ಲಿ ಅಕ್ಕನ ಮದುವೆಗೆ ನಾನು ಕೊಟ್ಟ ಸ್ಟೀಲ್ ಲೋಟವನ್ನು ಸೋದರಮಾವ ಎತ್ತಿ ಹಿಡಿದು, “ನೋಡ್ರಿ, ಮಂಗ್ಯಾನ ಗಿಫ್ಟ್!” ಎಂದು ಪೆಂಡಾಲನ್ನೇ ನಗಿಸಿದ್ದ.

ಸೇಡಂನಲ್ಲಿ ಅವನ ಮಗಳ ಮದುವೆಯ ದಿನ ಪರದೆಯ ಹಿಂದೆ ಮೈಕು ಹಿಡಿದು, ಅವನದೇ ಒಡಕು ದನಿ ತೆಗೆದೆ: “ಬೀಗರ, ಕೇಳ್ರಿ! ಗಿಫ್ಟ್ ಅಂದ್ರ ಇಂಗ್ಲಿಷಿನಾಗ ಉಡುಗೊರೆ, ಜರ್ಮನ್‌ದಾಗ ವಿಷ, ಸ್ವೀಡಿಶ್‌ದಾಗ ಲಗ್ನ ಆದಾಂವ. ಮೂರೂ ‘ಕೊಡು’ ಅನ್ನೋ ಒಂದೇ ಬೇರಿಂದ ಹುಟ್ಟ್ಯಾವ. ನಾ ಯಾವ್ದು ಕೊಟ್ಟೀನಿ, ಅಳಿಯಾನೇ ಹೇಳ್ಲಿ!”

ಮಾವನ ಮುಖ ಕಪ್ಪಿಡುವುದನ್ನು ನೋಡಲು ಓಡಿಬಂದೆ. ಊಟದ ಪಂಕ್ತಿಯಿಂದ ಆಗಷ್ಟೇ ಬಂದಿದ್ದ ಅವನ ಕೈಯನ್ನು ಬೀಗರು ಕುಲುಕುತ್ತಿದ್ದರು: “ಭಾಳ ಓದೀರಿ ಬಿಡ್ರಿ!” ಅವನಿಗೆ ಏನೂ ತಿಳಿಯದಿದ್ದರೂ ಮೀಸೆ ತಿರುವುತ್ತಿದ್ದ.

ನಕಲು ಅಷ್ಟು ಚೊಕ್ಕವಾಗಿ ಮಾಡಿದ್ದೆ, ಮಂಗ್ಯಾ ನಾನು! ವಾಡಿಯಲ್ಲಿ ಅವನ ಮಗನ ಮದುವೆಯಿದೆ. ಅಲ್ಲಿ ನನ್ನ ದನಿಯಲ್ಲೇ ಕೂಗುತ್ತೇನೆ.