ನೀರು ಹೊಡೆದ ಶೇಂಗಾ

ಎಂಬತ್ತರ ದಶಕದ ಆರಂಭದಲ್ಲಿ ರಾಯಚೂರಿನಲ್ಲಿ ಬ್ರಾಯ್ಲರ್ ಕೋಳಿ ಸಾಕುತ್ತೇನೆ ಎಂದಾಗ ನೆಂಟರೆಲ್ಲ ನಕ್ಕರು. ತಿಪ್ಪೆ ಕೆದರಿಕೊಂಡು ತಾನೇ ಬೆಳೆಯುವ ಕೋಳಿಗೆ ಅಳೆದು ತೂಗಿ ಊಟ ಹಾಕುವ ಹುಚ್ಚ ಇವನೊಬ್ಬನೇ ಎಂದರು. ನಗದೆ ಇದ್ದವಳು ಚಿಗವ್ವ, ನನ್ನ ಅವ್ವನ ತಂಗಿ. ದೇವದುರ್ಗದಿಂದ ಕೂಲಿಗೆಂದು ಬಂದು ಹನ್ನೆರಡು ವರ್ಷದಿಂದ ಶೇಂಗಾ ಮಿಲ್ಲಿನಲ್ಲಿ ದುಡಿಯುತ್ತಿದ್ದವಳು. ಮಾನ್ವಿ ರಸ್ತೆಯ ತನ್ನ ಮನೆಯ ಹಿತ್ತಲಲ್ಲಿ ಶೆಡ್ಡಿಗೆ ಜಾಗ ಕೊಟ್ಟಳು.

ನಾನೋ ಪುಸ್ತಕದ ಹುಳು. ಜೋಳದ ನುಚ್ಚು ಇಷ್ಟು, ಅಕ್ಕಿ ತೌಡು ಇಷ್ಟು, ಮೈ ತುಂಬಲು ಶೇಂಗಾ ಹಿಂಡಿ ಇಷ್ಟು ಎಂದು ಚೀಟಿ ಬರೆದು ಶೆಡ್ಡಿನ ಕಂಬಕ್ಕೆ ಅಂಟಿಸಿದ್ದೆ. ಆ ಚೀಟಿಯ ಬಗ್ಗೆ ಯಾರಾದರೂ ಎರಡು ಮಾತಾಡಿದರೆ ಮೂಗಿನ ತುದಿಗೇ ಸಿಟ್ಟು ಬರುತ್ತಿತ್ತು. ಆದರೂ ಮೊದಲ ಸಲ ಅರ್ಧಕ್ಕರ್ಧ ಮರಿ ಸತ್ತವು. ಎರಡನೆಯ ಸಲವೂ ಹೀಗಾದರೆ ಶೆಡ್ಡು ಮುಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು.

ಎರಡನೆಯ ಸಲ ಹನ್ನೆರಡನೆಯ ದಿನಕ್ಕೇ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ನಾನು ಚಳಿಯನ್ನು ಬೈದೆ, ನೀರನ್ನು ಬೈದೆ, ಮರಿ ಕಳಿಸಿದವರನ್ನು ಬೈದೆ, ಪಕ್ಕದ ಮನೆಯವರ ಕಣ್ಣನ್ನೂ ಬಿಡಲಿಲ್ಲ. ಸಂಜೆ ಮಿಲ್ಲಿನಿಂದ ಬಂದ ಚಿಗವ್ವ ಚೀಲದಿಂದ ಒಂದು ತುಂಡು ಹಿಂಡಿ ಮುರಿದು ಮೂಸಿದಳು, ನಾಲಿಗೆಗೆ ತಾಗಿಸಿ ಉಗುಳಿದಳು. ಇದು ನೀರು ಹೊಡೆದ ಶೇಂಗಾದ ಹಿಂಡಿ, ಕಹಿಯಾಗಿದೆ, ಚೆಲ್ಲು ಎಂದಳು. ಕೋಳಿ ಮೇವಿನ ವಿಷಯ ನಿನಗೇನು ಗೊತ್ತು ಎಂದುಬಿಟ್ಟೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವಳು ಸಿಟ್ಟಾಗಲಿಲ್ಲ. ಚೀಲದ ಮೇಲೆ ಕೂತು ತಿಳಿಸಿ ಹೇಳಿದಳು. ಒಣಗಿದ ಕಾಯಿಯನ್ನು ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹಾಕುವ ಮೊದಲು ರಾಶಿಗೆ ನೀರು ಚಿಮುಕಿಸುತ್ತಾರೆ, ಆಗ ಕಾಳು ಒಡೆಯದೆ ಇಡಿಯಾಗಿ ಬರುತ್ತದೆ. ಆ ಹಸಿಗೆ ಚೀಲದೊಳಗೇ ಬೂಸ್ಟು ಹಿಡಿದದ್ದನ್ನು ಆರಿಸಿ ಗಾಣಕ್ಕೆ ಕಳಿಸುತ್ತಾರೆ, ಅದರ ಎಣ್ಣೆ ತೆಗೆದು ಉಳಿದದ್ದೇ ಈ ಹಿಂಡಿ.

"ಹನ್ನೆರಡು ವರ್ಷ ಆ ನೀರು ಹೊಡದಾಕಿ ನಾನೇ ತಮ್ಮಾ. ಅದರ ವಾಸನಿ ನನಗ ಗೊತ್ತಾಗಂಗಿಲ್ಲೇನು?"

ಮರುದಿನ ದನದ ಡಾಕ್ಟರು ಸತ್ತ ಮರಿಯನ್ನು ಕೊಯ್ದು, ಹಳದಿಗಟ್ಟಿದ ಪಿತ್ತಜನಕಾಂಗ ತೋರಿಸಿ, ಬೂಸ್ಟಿನ ವಿಷ ಎಂದರು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಆಮೇಲೆ ಮೇವಿನ ಯಜಮಾನಿಕೆ ಅವಳದೇ ಆಯಿತು. ಸದ್ಯಕ್ಕೆ ಸೂರ್ಯಕಾಂತಿ ಹಿಂಡಿ ತರಿಸಿ, ಕುಟ್ಟಿ, ಸಿಪ್ಪೆಯನ್ನು ಜರಡಿ ಹಿಡಿದು ತೆಗೆದಳು. ಮಿಲ್ಲಿನ ಮಾಲೀಕರಿಗೆ ಗಂಟು ಬಿದ್ದು ಒಂದು ರಾಶಿ ಶೇಂಗಾವನ್ನು ನೀರು ಮುಟ್ಟಿಸದೆ ಒಡೆಸಿದಳು. ಕಾಳು ಪುಡಿಪುಡಿಯಾಯಿತು, ಆದರೆ ಅದನ್ನು ಗಾಣದ ಮುಂದೆ ನಿಂತು ಆಡಿಸಿ ತಂದ ಹಿಂಡಿ ಎಷ್ಟು ಘಮಘಮ ಅಂತಿತ್ತೆಂದರೆ ನಾನೇ ಒಂದು ತುಂಡು ತಿಂದೆ. ಅಂಥ ಮೂಗು, ಅಂಥ ನಾಲಿಗೆ ಯಾವ ಪುಸ್ತಕಕ್ಕಿದೆ? ಚೀಟಿಯಲ್ಲಿ ಹಿಂಡಿ ಎಷ್ಟು ಎಂದು ಬರೆದಿದ್ದೆ, ಎಂಥದ್ದು ಎಂದು ಬರೆದಿರಲಿಲ್ಲ.

ವಾರದಲ್ಲಿ ಸಾವು ನಿಂತಿತು. ಉಳಿದವು ಎದೆ ತುಂಬಿಕೊಂಡು ಬೆಳೆದವು. ಕೋಳಿಯೆಲ್ಲ ಮಾರಾಟವಾದ ದಿನ ಕುಣಿಯುತ್ತಲೇ ಮಿಲ್ಲಿಗೆ ಓಡಿದೆ, ಚಿಗವ್ವನಿಗೆ ಮೊದಲು ಹೇಳಬೇಕೆಂದು. ಅಲ್ಲಿನ ಹೆಂಗಸರು ನನ್ನ ಮುಖ ನೋಡಿದರು. ಆಕೆ ಬರದೆ ತಿಂಗಳಾಯಿತಲ್ಲ ಎಂದರು. ನೀರಿನ ಕೊಡ ಎತ್ತುವುದಿಲ್ಲ ಎಂದದ್ದಕ್ಕೆ ಮಾಲೀಕರು ಮನೆಗೆ ಹೋಗು ಎಂದಿದ್ದರಂತೆ. ದಿನವೂ ಬುತ್ತಿ ಕಟ್ಟಿಕೊಂಡು ಅವಳು ಹೋಗುತ್ತಿದ್ದುದು ಮಾನ್ವಿ ಕಡೆಯ ಹೊಲಗಳಿಗೆ, ಹತ್ತಿ ಬಿಡಿಸಲು.

ಸಂಜೆ, ಕೊಡ ಯಾಕೆ ಎತ್ತಲಿಲ್ಲ, ನನಗೆ ಯಾಕೆ ಮುಚ್ಚಿಟ್ಟೆ ಎಂದು ಜಗಳಕ್ಕೇ ನಿಂತೆ. ಅವಳು ಹತ್ತಿಯ ತೊಟ್ಟು ಗೀರಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ಗೊತ್ತಿಲ್ಲದಾಗ ನೀರು ಹೊಡದೆ ತಮ್ಮಾ. ಆ ಮರಿ ಕೊಯ್ದದ್ದು ನೋಡಿದ ಮ್ಯಾಲ ಕೈ ಏಳಲಿಲ್ಲ."